ತಡಸಲಹಳ್ಳದ ಪಾಸ್‌ವರ್ಡ್

ತಡಸಲಹಳ್ಳ ಬೆಟ್ಟದ ಮೇಲಿನ ಒಂದು ಪೋಡು, ಸೋಲಿಗರ ಹಾಡಿ. ಅಲ್ಲಿನ ಸೋಲಿಗರ ಸಂಘಕ್ಕೆ ಒಂದು ವೆಬ್‌ಸೈಟ್ ಇತ್ತು. ಅದರಲ್ಲಿ ಸಂಘದ ಕಾರ್ಯದರ್ಶಿ ಮಹದೇವಿಯ ಫೋನ್ ನಂಬರ್ ಇದ್ದ ಜಾಗದಲ್ಲಿ ಯಾರೋ ತಮ್ಮ ನಂಬರ್ ಹಾಕಿದರು. ಸಂಘದ ಹೆಸರು, ಹೆಜ್ಜೇನಿನ ಬಾಟಲಿಯ ಚಿತ್ರ, ಜಡೆಮ್ಮನ ನಗುಮುಖದ ಫೋಟೋ, ಎಲ್ಲವನ್ನೂ ಇದ್ದ ಹಾಗೇ ಬಿಟ್ಟರು. ಹದಿನೇಳು ದಿನ ಆ ನಂಬರಿಗೆ ಫೋನ್ ಮಾಡಿದವರಿಗೆಲ್ಲ ಸಕ್ಕರೆ ಪಾಕವನ್ನು ಜೇನು ಎಂದು ಕಳಿಸಿದರು.

ಇದು ಗೊತ್ತಾದದ್ದು ಹದಿನೆಂಟನೇ ದಿನ. ಮೈಸೂರಿನ ನಾಗಶ್ರೀ ಎಂಬಾಕೆ ಎರಡು ವರ್ಷದಿಂದ ಸಂಘದ ಜೇನು ತರಿಸಿಕೊಳ್ಳುತ್ತಿದ್ದವರು. ಹಳೆಯ ಬಾಟಲಿಯ ಚೀಟಿಯ ಮೇಲಿದ್ದ ನಂಬರ್ ನೋಡಿ ಮಹದೇವಿಗೆ ಫೋನ್ ಮಾಡಿದರು. ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. “ನಿಮ್ಮನ್ನ ನಂಬಿದ್ದೆ ಕಣಮ್ಮ. ಬಾಣಂತಿಗೆ ಕೊಡೋ ಜೇನು ಅಂತ ಹೇಳಿ ತರಿಸಿದ್ದೆ. ನೀವೂ ಹೀಗೆ ಮಾಡೋಕೆ ಶುರು ಮಾಡಿದ್ರಾ” ಎಂದರು. ಮಹದೇವಿಗೆ ಅರ್ಥವಾಗಲಿಲ್ಲ. ಈ ಸಲ ಮಳೆ ಹಿಡಿದು ಜೇನೇ ಸರಿಯಾಗಿ ಬಂದಿರಲಿಲ್ಲ. ಎರಡು ತಿಂಗಳಿಂದ ಸಂಘ ಒಂದು ಬಾಟಲಿಯನ್ನೂ ಕಳಿಸಿರಲಿಲ್ಲ. ಕಳಿಸದ ಜೇನು ಕೆಟ್ಟದ್ದು ಹೇಗೆ?

ಪೋಡಿನಲ್ಲಿ ಸಿಗ್ನಲ್ ಸಿಗುವುದು ಒಂದೇ ಕಡೆ, ಶಾಲೆಯ ಹಿಂದಿನ ಬಂಡೆಯ ಮೇಲೆ. ಮಹದೇವಿ ಅಲ್ಲಿಗೆ ಹತ್ತಿ ವೆಬ್‌ಸೈಟ್ ತೆರೆದಳು. ಹಿಂದೆಯೇ ಜಡೆಮ್ಮನೂ ಬಂದಳು. ಜಡೆಮ್ಮ ಅವಳ ದೊಡ್ಡವ್ವ. ತನ್ನ ಫೋಟೋ ಊರೂರು ಸುತ್ತುತ್ತಿದೆ ಎಂಬುದು ಅವಳಿಗೆ ಒಳಗೊಳಗೇ ಖುಷಿ. ವೆಬ್‌ಸೈಟ್ ತೆರೆದಾಗಲೆಲ್ಲ ಒಂದು ಸಲ ಇಣುಕಿ ಹೋಗುವುದು ವಾಡಿಕೆ.

“ಎಲ್ಲಾ ಸರ್ಯಾಗೇ ಅದಲ್ಲ ಮಗಾ. ನಾನೂ ಇವ್ನಿ” ಎಂದಳು.

ಎಲ್ಲ ಸರಿಯಾಗಿಯೇ ಇತ್ತು. ಮಹದೇವಿ ಮೂರು ಸಲ ಮೇಲಿಂದ ಕೆಳಗೆ ನೋಡಿದಳು. ನಾಲ್ಕನೇ ಸಲ ನಂಬರ್ ಕಣ್ಣಿಗೆ ಬಿತ್ತು. ಕೊನೆಯ ಎರಡು ಅಂಕಿ ಅವಳದೇ, ಉಳಿದದ್ದು ಬೇರೆ. ತಾನೇ ತಪ್ಪಾಗಿ ಹಾಕಿಸಿದ್ದೆನೇನೋ ಎಂದು ಮೊದಲು ಅನುಮಾನ ಬಂತು. ತಪ್ಪು ಮೊದಲು ತನ್ನದೇ ಇರಬೇಕು ಎಂದುಕೊಳ್ಳುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಕಚೇರಿ, ಬ್ಯಾಂಕು, ಆಸ್ಪತ್ರೆ, ಎಲ್ಲೇ ಹೋದರೂ ಬೆಟ್ಟದಿಂದ ಇಳಿದು ಬಂದವರಿಗೆ ಮೊದಲು ಸಿಗುವ ಪಾಠ ಅದೇ.

ಆ ನಂಬರಿಗೆ ಫೋನ್ ಮಾಡಿದಳು. ಎರಡನೇ ರಿಂಗಿಗೇ ಎತ್ತಿದರು.

“ನಮಸ್ಕಾರ, ತಡಸಲಹಳ್ಳ ಸೋಲಿಗರ ಸಂಘ. ಹೇಳಿ ಮೇಡಂ.”

ಮೆತ್ತಗಿನ, ಮರ್ಯಾದಸ್ಥ ಗಂಡಸಿನ ದನಿ. ಒಂದು ಗಳಿಗೆ ಮಹದೇವಿಗೆ ತಾನು ಯಾರೆಂಬುದೇ ತಿಳಿಯದಾಯಿತು. ಸಂಘ ಅತ್ತ ಕಡೆ ಮಾತಾಡುತ್ತಿದ್ದರೆ ಇತ್ತ ಬಂಡೆಯ ಮೇಲೆ ನಿಂತಿರುವವಳು ಯಾರು? ಜಡೆಮ್ಮ ಫೋನ್ ಕಿತ್ತುಕೊಂಡಳು.

“ಯಾರಪ್ಪ ನೀನು?”

“ಸಂಘದ ಕಾರ್ಯದರ್ಶಿ ಅಮ್ಮ. ಎಷ್ಟು ಕೆಜಿ ಬೇಕಿತ್ತು?”

“ಅಲ್ಲಿ ಫೋಟೋದಲ್ಲಿ ಜಡೆಮ್ಮ ಅಂತ ಅವ್ಳಲ್ಲ, ಅವಳ ಕೈಗೆ ಕೊಡು ಒಸಿ.”

“ಜಡೆಮ್ಮಜ್ಜಿ ಕಾಡಿಗೆ ಹೋಗಿದಾರಮ್ಮ. ಎಂಬತ್ತು ವರ್ಷ, ಇವತ್ತಿಗೂ ಮರ ಹತ್ತಿ ತಾವೇ ಜೇನು ಇಳಿಸ್ತಾರೆ.”

ಅರವತ್ತೆರಡರ ಜಡೆಮ್ಮ ಹುಟ್ಟಿದಾಗಿನಿಂದ ಜೇನಿನ ಮರ ಹತ್ತಿದವಳಲ್ಲ. “ಮರ ಅತ್ತಾಳಾ?” ಎಂದಳು. “ಎಷ್ಟೊತ್ಗೆ ಇಳೀತಾಳೆ ಕೇಳಿ ಹೇಳಪ್ಪ. ನಾನೂ ಒಂದ್ಸಲ ನೋಡ್ಬೇಕಾಗಿತ್ತು ಅವಳ್ನ.”

ಆ ಕಡೆಯವನು ಫೋನ್ ಕತ್ತರಿಸಿದ. ಮತ್ತೆ ಮಾಡಿದರೆ ಎತ್ತಲಿಲ್ಲ. ಜಡೆಮ್ಮ ನಗುತ್ತಲೇ ಇದ್ದಳು, ನಗು ನಡುವೆಯೇ ನಿಂತಿತು. “ನನ್ ಮುಖ ಇಟ್ಕಂಡು ಸಕ್ಕರೆ ನೀರ ಮಾರ್ತಾವ್ನೆ ಮಗಾ” ಎಂದಳು. “ನಾಳೆ ಎಲ್ಲಾದ್ರೂ ಪೇಟೇಲಿ ಯಾರಾದ್ರೂ ಗುರ್ತು ಹಿಡುದ್ರೆ ನನ್ಗೇ ತಾನೇ ಉಗಿಯೋದು?”

ಮಹದೇವಿ ಅಲ್ಲೇ ನಿಂತು ವೆಬ್‌ಸೈಟಿನ ಒಳಗೆ ಹೋಗಲು ಪಾಸ್‌ವರ್ಡ್ ಒತ್ತಿದಳು. ತಪ್ಪು ಎಂದಿತು. ಇನ್ನೊಮ್ಮೆ ಒತ್ತಿದಳು. ತಪ್ಪು. ಪೋಡಿನಲ್ಲಿ ಆ ಪಾಸ್‌ವರ್ಡ್ ತಪ್ಪಾಗಿ ಒತ್ತುವವರು ಯಾರೂ ಇರಲಿಲ್ಲ. ಆರನೇ ಕ್ಲಾಸಿನ ಮಕ್ಕಳಿಗೂ ಅದು ಬಾಯಿಪಾಠವಾಗಿತ್ತು.

ಅದಕ್ಕೆ ಕಾರಣವಿತ್ತು. ಹದಿನೆಂಟು ವರ್ಷದ ಹಿಂದೆ ಸೀಗೆಕಾಯಿಯ ಗುತ್ತಿಗೆದಾರನೊಬ್ಬ ಜೀಪಿನಲ್ಲಿ ಬಂದಿದ್ದ. ಮಡಚಿದ ಕಾಗದವೊಂದನ್ನು ಮುಂದೆ ಹಿಡಿದು ಕೆಳಗಿನ ತುದಿಯನ್ನಷ್ಟೇ ತೋರಿಸಿ, ಅಳತೆಗೆ ತಕ್ಕಡಿ ತಂದಿದ್ದಕ್ಕೆ ಒಪ್ಪಿಗೆ ಎಂದು ಇಪ್ಪತ್ತಮೂರು ಜನರ ಹೆಬ್ಬೆಟ್ಟು ತೆಗೆದುಕೊಂಡು ಹೋದ. ಕಾಗದ ಬಿಚ್ಚಿ ಓದಿದ್ದು ಮುಂದಿನ ವರ್ಷ. ಮೂರು ವರ್ಷ ಸೀಗೆ, ನೆಲ್ಲಿ ಎರಡನ್ನೂ ಅವನಿಗೇ ಬಿಟ್ಟುಕೊಟ್ಟಿದ್ದೇವೆ ಎಂದು ಅದರಲ್ಲಿತ್ತು. ಮೂರು ವರ್ಷ ತಮ್ಮದೇ ಕಾಡಿನಲ್ಲಿ ಅವನ ಕೂಲಿಗಳಾಗಿ ಕಾಯಿ ಉದುರಿಸಿದರು. ನಾಲ್ಕನೇ ವರ್ಷ ಸಂಘ ಕಟ್ಟಿದರು. ಅವತ್ತೇ ಅಧ್ಯಕ್ಷ ಬೆಳ್ಳಯ್ಯ ಹಾಕಿದ ಕಟ್ಟಳೆ ಇದು: ಸಂಘದ ಮನೆಗೆ ಮಡಚಿದ ಕಾಗದ ಬರಕೂಡದು. ಏನೇ ಬಂದರೂ ಎಲ್ಲರೂ ಕೂತಿರುವಾಗ ಗಟ್ಟಿಯಾಗಿ ಓದಬೇಕು. ಓದಿದ್ದನ್ನು ಗೋಡೆಯ ಮೇಲೆ ಬರೆಸಬೇಕು. ಸಭೆ ನಡೆಯುವಾಗ ಯಾರು ಬಂದರೂ ಕೂರಿಸಿ ಕಾಫಿ ಕೊಡಬೇಕು, ಯಾರನ್ನೂ ಆಚೆ ಹೋಗಿ ಎನ್ನಬಾರದು. ಆಚೆ ಹೋಗಿ ಎನ್ನಿಸಿಕೊಂಡೇ ಬದುಕಿದ ಜನ, ತಮ್ಮ ಬಾಗಿಲಲ್ಲಿ ಆ ಮಾತು ಹುಟ್ಟಬಾರದು ಎಂದುಕೊಂಡಿದ್ದರು.

ಹಾಗಾಗಿ ಹೋದ ಯುಗಾದಿಯ ನಂತರದ ಸಭೆಯಲ್ಲಿ ವೆಬ್‌ಸೈಟಿನ ಪಾಸ್‌ವರ್ಡ್ ಬಂದಾಗ ಅದನ್ನೂ ಓದಿದ್ದರು. ತಂದವನು ಮುರುಗೇಶ. ಸಂಘ ಕಟ್ಟಿದ ಕಾಲದಿಂದ ಜೊತೆಗಿದ್ದವನು, ಈಗ ಹನೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನು ಚೀಟಿಯನ್ನು ಮಹದೇವಿಯ ಕೈಗೆ ಗುಟ್ಟಾಗಿ ಕೊಡಲು ನೋಡಿದ. ಬೆಳ್ಳಯ್ಯ ಬಿಡಲಿಲ್ಲ. ಮಹದೇವಿ ಎದ್ದು ನಿಂತು ಓದಿದಳು: ತಡಸಲು, ಆಮೇಲೆ ಈಮೇಲಿನಲ್ಲಿ ಇರುವಂಥ ಒಂದು ಸುರುಳಿ ಗುರುತು, ಆಮೇಲೆ ಒಂದು ಎರಡು ಮೂರು. “ಸುರುಳಿ ಯಾಕವ್ವ?” ಎಂದು ಬೆಳ್ಳಯ್ಯ ಕೇಳಿದ. “ಇರ್ಲೇಬೇಕಂತೆ ಮಾವ.” “ಸರಿ, ಇರ್ಲಿ ಬುಡು.” ಸಭೆ ಅಂಗೀಕರಿಸಿತು. ಮಾರನೆಯ ದಿನ ನೀಲಿ ಬಣ್ಣದಲ್ಲಿ ಗೋಡೆ ಸೇರಿತು, ಜೇನಿನ ದರದ ಕೆಳಗೆ, ಸದಸ್ಯರ ಹೆಸರಿನ ಮೇಲೆ, ಬಾಗಿಲಿಗೆ ಎದುರಾಗಿ.

ಈಗ ಬೆಳ್ಳಯ್ಯನ ಮುಂದೆ ಮಹದೇವಿ ಎಲ್ಲ ಹೇಳಿದಳು. ಅವನು ಗೋಡೆಯನ್ನೇ ನೋಡುತ್ತ ಕೂತ. “ಯಾರು ಮಾಡವ್ರೆ?” ಎಂದ.

“ಗೊತ್ತಿಲ್ಲ ಮಾವ.”

“ನಮ್ಮೋರಲ್ಲ.”

“ನಮ್ಮೋರಲ್ಲ.”

“ಇನ್ಯಾರು?”

ಆ ಸಭೆಯಲ್ಲಿ ಯಾರ್ಯಾರಿದ್ದರು ಎಂದು ಎಣಿಸಿದರು. ಪೋಡಿನವರು ಬಿಟ್ಟರೆ ಮುಳ್ಳೂರಿನ ಜೇನಿನ ವ್ಯಾಪಾರಿ ಇದ್ದ. ಸಿಮೆಂಟ್ ತಂದ ಟೆಂಪೋದವನಿದ್ದ. ಬೆಟ್ಟ ನೋಡಲು ಬಂದ ಯಾರೋ ಇದ್ದರು. ಆಮೇಲಿನ ಸಭೆಗಳಲ್ಲಿ ಬಂದವರ ಲೆಕ್ಕವೇ ಇಲ್ಲ. ಎಲ್ಲರಿಗೂ ಗೋಡೆಯ ಎದುರಿನ ಚಾಪೆಯಲ್ಲೇ ಕಾಫಿ ಕೊಟ್ಟಿದ್ದರು. ಅನುಮಾನ ಪಡಬೇಕೆಂದರೆ ಯಾರ ಮೇಲಾದರೂ ಪಡಬಹುದಿತ್ತು, ಅದಕ್ಕೇ ಯಾರ ಮೇಲೂ ಪಡಲಾಗಲಿಲ್ಲ.

“ಓಗಿ ಸರಿ ಮಾಡಿಸ್ಕಂಡು ಬಾ” ಎಂದ ಬೆಳ್ಳಯ್ಯ. “ಇಲ್ದಿದ್ರೆ ವೆಬ್‌ಸೈಟೇ ಬ್ಯಾಡ. ಸಂಘದ ಎಸ್ರು ಕೆಟ್ರೆ ಮತ್ತೆ ಕೂಲಿಗೇ ಓಗ್ಬೇಕು.”

ಮಾರನೆಯ ಬೆಳಿಗ್ಗೆ ಮಹದೇವಿ ಮೊದಲ ಬಸ್ಸಿಗೆ ಯಳಂದೂರಿಗೆ ಇಳಿದು, ಅಲ್ಲಿಂದ ಕೊಳ್ಳೇಗಾಲದ ಬಸ್ಸು ಹತ್ತಿದಳು. ವೆಬ್‌ಸೈಟ್ ಕಟ್ಟಿಕೊಟ್ಟ ಶಾಂತಮೂರ್ತಿಯ ಅಂಗಡಿ ಇದ್ದದ್ದು ಅಲ್ಲಿ, ರೇಷ್ಮೆ ಸೀರೆ ಅಂಗಡಿಗಳ ಬೀದಿಯ ಮಹಡಿಯ ಮೇಲೆ. ಮದುವೆ ಕರೆಯೋಲೆ, ಫ್ಲೆಕ್ಸ್, ವೆಬ್‌ಸೈಟ್ ಮೂರನ್ನೂ ಒಂದೇ ಮೇಜಿನ ಮೇಲೆ ಮಾಡುವ ಮನುಷ್ಯ. ಕೂರು ಎಂದ. ಪೂರ್ತಿ ಕೇಳಿಸಿಕೊಂಡ. ಆಮೇಲೆ ನಕ್ಕ.

“ಗೋಡೆ ಮೇಲೆ ಬರೆಸಿದ್ರಾ?”

“ಊ ಸಾ.”

“ಪೇಂಟಲ್ಲಿ?”

“ನೀಲಿ ಪೇಂಟು ಸಾ.”

“ಅಲ್ಲ ಕಣಮ್ಮ, ಮನೆ ಬೀಗದ ಕೈನ ಬಾಗಿಲಿಗೇ ನೇತಾಕಿ, ಕಳ್ಳ ಬಂದ ಅಂತ ಅಳ್ತಿದ್ದೀಯಲ್ಲ. ಯಾರ ಹತ್ರ ಹೋಗಿ ದೂರು ಕೊಡ್ತೀಯ? ನೀವೇ ಕೂಗಿ ಹೇಳಿದ್ಮೇಲೆ ಅದು ಕಳ್ತನ ಹೆಂಗಾಯ್ತದೆ?”

ಮಹದೇವಿಗೆ ರೇಗಿತು. ಆದರೆ ಯಾವ ಮಾತಿಗೆ ರೇಗಬೇಕೆಂದು ಗೊತ್ತಾಗಲಿಲ್ಲ. ಪೋಡಿನ ಯಾವ ಮನೆಗೂ ಬೀಗವಿರಲಿಲ್ಲ. ಬೀಗವಿಲ್ಲದ ಮನೆಗೆ ನುಗ್ಗಿದವನು ಕಳ್ಳನಲ್ಲವೇ? ಹಾಗೆಂದು ಕೇಳಬೇಕೆನ್ನಿಸಿತು. ಕೇಳಿದರೆ ಇನ್ನಷ್ಟು ನಗುತ್ತಾನೆ ಎಂದು ಬೇರೆ ಕೇಳಿದಳು.

“ಮ್ಯಾಲೆ ಹೆಸರಿನ ಪಕ್ಕ ಬೀಗದ ಗುರ್ತು ಅದಲ್ಲ ಸಾ. ಅದಿದ್ರೆ ಭದ್ರ ಅಂತ ನೀವೇ ಹೇಳಿದ್ರಲ್ಲ.”

“ಅದು ದಾರಿಗೆ ಹಾಕಿರೋ ಬೀಗ, ಮನೆಗಲ್ಲ. ನೀನು ಕಳಿಸಿದ ಮಾತನ್ನ ಮಧ್ಯ ದಾರೀಲಿ ಯಾರೂ ಕದ್ದು ಕೇಳಲ್ಲ, ಅಷ್ಟೇ. ಕಳ್ಳ ಒಳಗೇ ಕೂತು ಮಾತಾಡ್ತಾ ಇದ್ರೂ ಆ ಗುರುತು ಇದ್ದೇ ಇರ್ತದೆ.”

ಹಾಗಾದರೆ ಅದು ಯಾರನ್ನು ಕಾಯುತ್ತಿದೆ? ಶಾಂತಮೂರ್ತಿ ಒಂದು ಕಾಗದ ಎಳೆದು ಮೂರು ಚೌಕ ಬರೆದ. ವೆಬ್‌ಸೈಟಿನ ಹೆಸರು ಒಂದು ಕಡೆ, ಅದನ್ನು ವರ್ಷ ವರ್ಷ ದುಡ್ಡು ಕಟ್ಟಿ ಉಳಿಸಿಕೊಳ್ಳಬೇಕು. ಚಿತ್ರ, ಬರಹ ಇಡುವ ಜಾಗ ಇನ್ನೊಂದು ಕಡೆ, ಅದು ಬಾಡಿಗೆಗೆ. ಒಳಗೆ ಹೋಗಿ ತಿದ್ದುವ ಬಾಗಿಲು ಮೂರನೆಯದು, ಅದರ ಪಾಸ್‌ವರ್ಡೇ ಗೋಡೆ ಸೇರಿದ್ದು. “ನಾನು ಕಟ್ಟಿಕೊಟ್ಟೋನು. ಕಟ್ಟಿ, ಕೈ ತೊಳ್ಕೊಂಡು ಬಂದೆ. ಹೆಸರು, ಜಾಗ ಎರಡೂ ಮುರುಗೇಶನ ಈಮೇಲಲ್ಲಿವೆ.”

“ಅಂಗಾದ್ರೆ ಅದು ಸಂಘದ್ದಲ್ವಾ ಸಾ?”

“ನಿಮ್ಮದೇ. ಆದ್ರೆ ಕಾಗದದಲ್ಲಿ ಅವನದು.”

ಮಹದೇವಿ ಆ ಮೂರು ಚೌಕಗಳನ್ನು ನೋಡುತ್ತ ಕೂತಳು. ನಮ್ಮದೇ, ಆದರೆ ಕಾಗದದಲ್ಲಿ ಬೇರೆಯವರದು. ಈ ಮಾತನ್ನು ಕಾಡಿನ ಬಗ್ಗೆ ಕೇಳಿದ್ದಳು, ಶಾಲೆಯ ಬಯಲಿನ ಬಗ್ಗೆ ಕೇಳಿದ್ದಳು. ಇದೊಂದಾದರೂ ಹೊಸದು ಅಂದುಕೊಂಡಿದ್ದಳು.

ಶಾಂತಮೂರ್ತಿ ಕಂಪ್ಯೂಟರಿನಲ್ಲಿ ಏನೋ ಹುಡುಕಿದ. ನಗು ಹೋಯಿತು. “ಹೆಸರಿನ ಅವಧಿ ಇನ್ನು ಹನ್ನೆರಡು ದಿನಕ್ಕೆ ಮುಗೀತದೆ. ಕಟ್ಟದೇ ಬಿಟ್ರೆ ಯಾರು ಬೇಕಾದ್ರೂ ಕೊಳ್ಳಬಹುದು. ಆಗ ಬಾಗಿಲಲ್ಲ, ಹೆಸರೇ ಹೋಗ್ತದೆ. ಇವತ್ತೇ ಹನೂರಿಗೆ ಹೋಗು. ಇನ್ನೊಂದು ಮಾತು, ಫೋಟೋಗೀಟೋ ಎಲ್ಲಿಂದ ಹಾಕ್ತಿದ್ದೆ?”

“ಯಳಂದೂರಲ್ಲಿ ಮಾಲಿನಿ ಅಂತ, ಅವ್ರ ಕಂಪ್ಯೂಟರ್ ಸೆಂಟರ್‌ನಲ್ಲಿ ಸಾ.”

“ಪಾಸ್‌ವರ್ಡ್ ಉಳಿಸಲಾ ಅಂತ ಕೇಳ್ತಾ?”

“ಕೇಳ್ತು. ಉಳೀಲಿ ಅಂತ ಒತ್ತಿದೆ.”

ಶಾಂತಮೂರ್ತಿ ಹಣೆಗೆ ಕೈಯಿಟ್ಟ. ಅದು ಮಹದೇವಿಗೆ ಅವನ ನಗುವಿಗಿಂತ ಹೆಚ್ಚು ಚುಚ್ಚಿತು.

ಹನೂರಿನ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಳು. ಕೇಳಿದಾಗ ಹೂಂ ಅನ್ನುವುದು ತಪ್ಪು. ಗಟ್ಟಿಯಾಗಿ ಓದುವುದು ತಪ್ಪು. ಬಂದವರನ್ನು ಕೂರಿಸುವುದು ತಪ್ಪು. ಬೀಗದ ಗುರುತನ್ನು ನಂಬಿದ್ದು ತಪ್ಪು. ಜಡೆಮ್ಮನ ಫೋಟೋ ಕದ್ದವನ ತಪ್ಪು ಈ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ. ಅವನು ಎಲ್ಲೋ ಕೂತು, ಇಷ್ಟು ಹೊತ್ತಿಗೆ ಇನ್ನೊಬ್ಬ ಬಾಣಂತಿಯ ಮನೆಯವರಿಗೆ ನಮಸ್ಕಾರ ಮೇಡಂ ಎನ್ನುತ್ತಿದ್ದಿರಬೇಕು. ಅವನಿಗೆ ಪಾಠ ಹೇಳುವವರು ಯಾರೂ ಇಲ್ಲ. ಪಾಠವೆಲ್ಲ ಅವಳಿಗೇ.

ಮುರುಗೇಶನ ಅಂಗಡಿ ಬಸ್ ನಿಲ್ದಾಣಕ್ಕೆ ಹತ್ತಿರ. ಅವನ ಊರು ಹತ್ತಿರದ ಶಾಗ್ಯವಾದರೂ ತಾಯಿ ಕಡೆಯವರು ಪಾಲಾರ್ ಗಡಿಯಾಚೆಯವರು, ಮಾತಿನಲ್ಲಿ ತಮಿಳು ಹಣಕಿ ಹಾಕುತ್ತದೆ. “ವಾ ತಂಗಚ್ಚಿ” ಎಂದು ಸ್ಟೂಲು ಎಳೆದುಕೊಟ್ಟ. ವಿಷಯ ಕೇಳಿ ತನ್ನ ಫೋನ್ ತೆಗೆದು ಮೇಲೆ ಕೆಳಗೆ ಉಜ್ಜಿದ. ಮುಖ ಕಪ್ಪಿಟ್ಟಿತು.

“ಬಂದವೆ ತಂಗಚ್ಚಿ. ಹದಿನೆಂಟು ದಿನದ ಹಿಂದೆ ಮೆಸೇಜ್ ಬಂದದೆ, ಪಾಸ್‌ವರ್ಡ್ ಬದಲಾಗಿದೆ, ನೀವಲ್ಲದಿದ್ರೆ ತಕ್ಷಣ ತಿಳಿಸಿ ಅಂತ. ಹೆಸರಿನ ಅವಧಿ ಮುಗೀತಿದೆ ಅಂತ ಮೂರು ಬಂದವೆ. ದಿನಕ್ಕೆ ನಲವತ್ತು ಬತ್ತವೆ, ಸಾಲ ತಗೊಳ್ಳಿ, ರಮ್ಮಿ ಆಡಿ ಅಂತ. ಇವೂ ಅಂಥವೇ ಅಂತ ಓದ್ಲೇ ಇಲ್ಲ.”

ತಾನಾಗಿ ತಪ್ಪು ಒಪ್ಪಿದ ಮೊದಲನೇ ಮನುಷ್ಯ. ಮಹದೇವಿಗೆ ಬೈಯಬೇಕೆನ್ನಿಸಲಿಲ್ಲ. “ಮೊದ್ಲು ಎಸ್ರು ಉಳಿಸಣ್ಣ” ಎಂದಳು.

ಮುರುಗೇಶ ಗಿರಾಕಿಗಳನ್ನು ಸಂಜೆ ಬನ್ನಿ ಎಂದು ಕಳಿಸಿ ಕೂತ. ಹೆಸರಿಗೆ ಮೂರು ವರ್ಷಕ್ಕೆ ಹಣ ಕಟ್ಟಿದ. ಸಂಘದ ಹೆಸರಿನಲ್ಲೇ ಹೊಸ ಈಮೇಲ್ ತೆರೆದು, ಹೆಸರು, ಜಾಗ ಎರಡನ್ನೂ ಅಲ್ಲಿಗೆ ದಾಟಿಸಿದ. “ಇನ್ನು ನಾನು ಸತ್ರೂ ನಿಮ್ಮದು ನಿಮ್ಮ ಹತ್ರಾನೇ ಇರ್ತದೆ.” ಬಾಡಿಗೆ ಜಾಗದ ಕಡೆಯಿಂದ ಒಳಹೊಕ್ಕು ಕಳ್ಳನ ನಂಬರ್ ಅಳಿಸಿ, ಕಳ್ಳ ತನಗೆಂದು ಮಾಡಿಟ್ಟುಕೊಂಡಿದ್ದ ಇನ್ನೊಂದು ಖಾತೆಯನ್ನೂ ಹುಡುಕಿ ತೆಗೆದ. ಇದ್ದದ್ದರದ್ದೆಲ್ಲ ಒಂದು ನಕಲು ಮಾಡಿ ಪೆನ್‌ಡ್ರೈವಿಗೆ ಹಾಕಿ ಕೊಟ್ಟ. ಇನ್ನು ಮೇಲೆ ಯಾರು ಒಳಗೆ ಹೋಗಬೇಕಾದರೂ ಪಾಸ್‌ವರ್ಡ್ ಆದ ಮೇಲೆ ಮಹದೇವಿಯ ಫೋನಿಗೆ ಆರಂಕಿಯ ಸಂಖ್ಯೆ ಬರುವ ಹಾಗೆ ಮಾಡಿದ. “ಆ ಆರಂಕಿ ಯಾರು ಫೋನ್ ಮಾಡಿ ಕೇಳಿದ್ರೂ ಕೊಡ್ಬೇಡ. ನಾನೇ ಕೇಳಿದ್ರೂ ಕೊಡ್ಬೇಡ.”

ನಡುವೆ ಏನೋ ನೆನಪಾದವನಂತೆ ಪೋಡಿನ ಹೆಸರು ಹಾಕಿ ವಿಡಿಯೋ ಹುಡುಕಿದ. ಸಿಕ್ಕಿತು. ಬೆಟ್ಟಕ್ಕೆ ಬಂದ ಯಾರೋ ಮಾಡಿ ಹಾಕಿದ್ದು, ಕಾಡಿನ ಮುಗ್ಧ ಜನ ಎಂದು ತಲೆಬರಹ. ಸಂಘದ ಮನೆಯಲ್ಲಿ ಜಡೆಮ್ಮ ಕಾಫಿ ಲೋಟ ಹಿಡಿದು ನಗುತ್ತಿದ್ದಾಳೆ. ಅವಳ ಹಿಂದೆ ಗೋಡೆ. ಗೋಡೆಯ ಮೇಲೆ ನೀಲಿ ಅಕ್ಷರ, ಸುರುಳಿ ಗುರುತಿನ ಸಮೇತ. ನಲವತ್ತೊಂದು ಸಾವಿರ ಜನ ನೋಡಿದ್ದರು.

“ಇವ್ನೇ ಕಳ್ನಾ?” ಎಂದಳು ಮಹದೇವಿ.

“ಇಲ್ಲ. ಇವನು ಬರೀ ತೋರಿಸ್ದೋನು. ಕದ್ದೋನು ನೋಡಿದ ನಲವತ್ತೊಂದು ಸಾವಿರದಲ್ಲಿ ಒಬ್ಬ.”

“ಯಾರು ಅಂತ ಗೊತ್ತಾಗಲ್ವಾ?”

“ದೂರು ಕೊಡಣ, ಆ ನಂಬರ್ ಹಾಕಿ. ಸಿಕ್ರೆ ಸಿಕ್ಕಿದ. ಆಸೆ ಇಟ್ಕಬ್ಯಾಡ.” ಆಮೇಲೆ ದನಿ ತಗ್ಗಿಸಿದ. “ಅವತ್ತು ಸಭೆಯಲ್ಲಿ ನಾನು ಬಾಯಿ ಮುಚ್ಕೊಂಡಿದ್ದೇ ತಪ್ಪು. ಬೆಳ್ಳಯ್ಯಣ್ಣ ಮಡಚಿದ ಕಾಗದದ ಕಥೆ ಎತ್ತಿದ್ರೆ ನನಗೆ ಎದುರಾಡಕ್ಕೆ ನಾಲಿಗೆ ಏಳಲ್ಲ. ಈಗ ಹೊಸ ಪಾಸ್‌ವರ್ಡ್ ನೀನೇ ಹಾಕು. ನಾಲ್ಕು ಪದ, ಒಂದಕ್ಕೊಂದು ಸಂಬಂಧ ಇರ್ಬಾರ್ದು, ಬೇರೆ ಕಡೆ ಎಲ್ಲೂ ಹಾಕಿರ್ಬಾರ್ದು. ನಂಗೂ ಹೇಳ್ಬೇಡ.”

ಅಷ್ಟು ಹೇಳಿ ಅವನು ಎದ್ದು ಗೋಡೆಯ ಕಡೆ ಮುಖ ತಿರುಗಿಸಿ ನಿಂತ.

ಮಹದೇವಿಯ ಬೆರಳುಗಳು ಕೀಲಿಮಣೆಯ ಮೇಲೆ ನಿಂತುಬಿಟ್ಟವು. ಜೀವಮಾನದಲ್ಲಿ ಅವಳಿಗಾಗಿ ಯಾರೂ ಹೀಗೆ ಬೆನ್ನು ತಿರುಗಿಸಿ ನಿಂತಿರಲಿಲ್ಲ. ಸಂಘದ ವಸ್ತುವನ್ನು ಸಂಘಕ್ಕೆ ಕಾಣದ ಹಾಗೆ ಮುಷ್ಟಿಯಲ್ಲಿ ಹಿಡಿಯುವುದೆಂದರೆ ಅವಳು ಕಲಿತ ಭಾಷೆಯಲ್ಲಿ ಅದಕ್ಕೆ ಒಂದೇ ಹೆಸರು. ನಾಲ್ಕು ಪದ ಹಾಕಿದಳು. ಒಂದು ಅವಳ ಸತ್ತ ನಾಯಿಯದು, ಒಂದು ಗಿಡದ್ದು, ಒಂದು ಬೈಗುಳ, ಒಂದು ಅವಳಿಗೆ ಮಾತ್ರ ಗೊತ್ತು.

“ಸಂಘಕ್ಕೆ ಏನು ಹೇಳ್ಲಣ್ಣ?”

“ಯಾರ ಹೆಸರಲ್ಲಿದೆ, ಯಾವತ್ತಿನವರೆಗಿದೆ, ಎಲ್ಲಿದೆ, ಎಲ್ಲಾನೂ ಓದು, ಗೋಡೆ ಮೇಲೂ ಬರೆಸು. ಕೀಲಿ ಮಾತ್ರ ಓದಬ್ಯಾಡ. ನಿನಗೇನಾದ್ರೂ ಆದ್ರೆ ಬೇಕಾಯ್ತದೆ, ಒಂದು ಚೀಟಿ ಬರೆದು ಕವರಲ್ಲಿ ಹಾಕಿ ಅಂಟಿಸಿ, ನಂಬಿಕೆ ಇರೋ ಒಬ್ರ ಹತ್ರ ಇಡು.”

“ಮಡಚಿ?”

ಮುರುಗೇಶ ಈಗ ಅವಳ ಕಡೆ ತಿರುಗಿದ. “ಮಡಚದೆ ಕವರೊಳಗೆ ಹೋಗಲ್ಲವಲ್ಲ ತಂಗಚ್ಚಿ” ಎಂದ.

ವಾಪಸು ಬರುವಾಗ ಯಳಂದೂರಿನಲ್ಲಿ ಇಳಿದು ಮಾಲಿನಿಯ ಸೆಂಟರಿಗೆ ಹೋದಳು. ಉಳಿಸಿದ್ದನ್ನು ಅಳಿಸಿಕೊಡಿ ಎಂದಳು. ಮಾಲಿನಿ ಪಟ್ಟಿ ತೆರೆದಳು. ಪಟ್ಟಿ ಕೆಳಗೆ ಇಳಿಯುತ್ತಲೇ ಹೋಯಿತು: ಮೇಷ್ಟರುಗಳದ್ದು, ಪರೀಕ್ಷೆ ಅರ್ಜಿ ಹಾಕಿದವರದ್ದು, ಬ್ಯಾಂಕಿನದ್ದು, ಮದುವೆ ಸಂಬಂಧ ಹುಡುಕುವವರದ್ದು.

“ಎಲ್ಲಾರೂ ಉಳಿಸ್ಬುಟ್ಟು ಓಗವ್ರೆ ಕಣಕ್ಕ” ಎಂದಳು ಮಾಲಿನಿ. “ನೀವೊಬ್ರೇ ವಾಪಸು ಬಂದು ಕೇಳ್ದೋರು.”

ಹಾಗಾದರೆ ಬುದ್ಧಿ ಇಲ್ಲದವರು ಪೋಡಿನವರು ಮಾತ್ರವಲ್ಲ. ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಇಷ್ಟು ಜನರ ಕೀಲಿ ಇಲ್ಲಿ ನೇತಾಡುತ್ತಿದ್ದರೂ ಸಕ್ಕರೆ ಪಾಕಕ್ಕೆ ಬೇಕಾದದ್ದು ಜಡೆಮ್ಮನ ಮುಖವೇ ಯಾಕೆ?

ಸಭೆ ನಡೆದದ್ದು ಭಾನುವಾರ. ಮನೆ ತುಂಬಿತ್ತು. ಬೆಟ್ಟಕ್ಕೆ ಬಂದಿದ್ದ ನಾಲ್ಕು ಜನ ಜೀಪು ನಿಲ್ಲಿಸಿ, ಒಳಗೆ ಬರಬಹುದೇ ಎಂದು ಕೇಳಿ, ಚಾಪೆಯ ತುದಿಯಲ್ಲಿ ಕೂತರು. ಅವರಲ್ಲಿ ಒಬ್ಬಳು ಫೋನ್ ಎತ್ತಿ ಹಿಡಿದಿದ್ದಳು. ಜಡೆಮ್ಮ ಎಲ್ಲರಿಗೂ ಕಾಫಿ ಹಂಚಿದಳು, ಅವರಿಗೂ.

ಮಹದೇವಿ ಎದ್ದು ನಿಂತು ನಡಾವಳಿ ಪುಸ್ತಕ ತೆರೆದು ಓದಿದಳು. ವೆಬ್‌ಸೈಟ್ ವಾಪಸು ಬಂದಿದೆ. ಈಗ ಅದು ಮುರುಗೇಶನ ಹೆಸರಲ್ಲಿಲ್ಲ, ಸಂಘದ ಹೆಸರಲ್ಲಿದೆ. ಮೂರು ವರ್ಷ ಭಯವಿಲ್ಲ. ಆ ಹದಿನೇಳು ದಿನ ಮಾರಿದ್ದು ನಮ್ಮ ಜೇನಲ್ಲ ಎಂದು ಮೊದಲ ಸಾಲಿನಲ್ಲೇ ಬರೆದು ಹಾಕಿದ್ದೇವೆ. ಮೈಸೂರಿನ ನಾಗಶ್ರೀಯವರಿಗೆ ಫೋನ್ ಮಾಡಿ ಹೇಳಿದ್ದೇನೆ, ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಜಡೆಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

“ಪಾಸ್‌ವರ್ಡ್ ಓದವ್ವ” ಎಂದ ಬೆಳ್ಳಯ್ಯ.

ಮಹದೇವಿ ಗೋಡೆಯ ನೀಲಿ ಅಕ್ಷರಗಳ ಕಡೆ ನೋಡಿದಳು.

“ಕೇಳ್ಲಿಲ್ವಾ? ಹಳೇದು ಅಳಿಸ್ಬೇಕು, ಹೊಸದು ಬರೀಬೇಕು. ಪೇಂಟು ಕಲಸಿಟ್ಟವ್ನಿ.”

“ಮಾವ, ಗೋಡೆ ಮ್ಯಾಲಿಂದಲೇ ಅದು ಓಗಿದ್ದು. ವಿಡಿಯೋ ತೋರಿಸ್ದೆನಲ್ಲ.”

“ತೋರಿಸ್ದೆ. ಕದ್ದೋನು ಕಳ್ಳ. ಕದ್ದ ಅಂತ ನಾವು ನಮ್ಮೋರಿಂದ ಬಚ್ಚಿಡಕ್ಕಾಯ್ತದಾ?” ಬೆಳ್ಳಯ್ಯನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ಕಷ್ಟವಾದದ್ದು. “ನಮ್ಮಪ್ಪನ ಹೆಬ್ಬೆಟ್ಟು ತಕಂಡೋನೂ ಇಂಗೇ ಅಂದಿದ್ದ. ಇದು ನಿಮಗೆ ತಿಳಿಯಲ್ಲ, ನನ್ ಹತ್ರ ಇರ್ಲಿ ಅಂತ. ನೀನು ನಮ್ ಮಗಳು, ಅಂಗೆ ಮಾಡಲ್ಲ, ನಂಗೊತ್ತು. ನಿನ್ ಮುಂದಕ್ಕೆ ಬರೋಳು? ಅವಳ ಮುಂದಕ್ಕೆ? ಇವತ್ತು ಒಂದು ಮುಚ್ಚಿಟ್ರೆ ನಾಳೆ ಎಲ್ಲಾನೂ ಮುಚ್ಚಿಡ್ತಾರೆ ಕಣವ್ವ.”

ಅವನ ಒಂದೊಂದು ಮಾತೂ ಸರಿಯಿತ್ತು. ಮುರುಗೇಶನ ಒಂದೊಂದು ಮಾತೂ ಸರಿಯಿತ್ತು. ಎರಡು ಸರಿಗಳ ನಡುವೆ ಮಹದೇವಿ ಪುಸ್ತಕ ಹಿಡಿದು ನಿಂತಿದ್ದಳು. ಸಭೆಯನ್ನು ನೋಡಿದಳು. ಇವರಲ್ಲಿ ಒಬ್ಬರ ಮೇಲೂ ಅವಳಿಗೆ ಅಪನಂಬಿಕೆ ಇರಲಿಲ್ಲ. ಚಾಪೆಯ ತುದಿಯ ನಾಲ್ವರನ್ನು ನೋಡಿದಳು. ಅವರ ಮೇಲೆ ಅಪನಂಬಿಕೆ ಪಡಲು ಕಾರಣವಿರಲಿಲ್ಲ. ಎತ್ತಿ ಹಿಡಿದ ಫೋನಿನ ಸಣ್ಣ ಕಣ್ಣು ಮಾತ್ರ ಅವಳ ಬಾಯನ್ನೇ ನೋಡುತ್ತಿತ್ತು.

“ಅವ್ರ್ನ ಆಚೆಗೆ ಕಳಿಸಿದ್ರೆ ಓದ್ತೀಯಾ?” ಎಂದು ಯಾರೋ ಹಿಂದಿನಿಂದ ಕೇಳಿದರು.

“ಆಚೆಗೆ ಕಳಿಸೋ ಮಾತು ಇಲ್ಲಿ ಆಡಂಗಿಲ್ಲ” ಎಂದ ಬೆಳ್ಳಯ್ಯ. ಫೋನ್ ಹಿಡಿದ ಹೆಂಗಸು ಪಕ್ಕದವನ ಕಿವಿಯಲ್ಲಿ ಏನೋ ಕೇಳಿದಳು. ಅವನು ಭುಜ ಕುಣಿಸಿದ.

“ಅವ್ರು ಎದ್ದೋದ್ರೂ ನಾನು ಓದಲ್ಲ” ಎಂದಳು ಮಹದೇವಿ. ತನ್ನ ದನಿ ತನಗೇ ಬೇರೆಯವರದೆಂಬಂತೆ ಕೇಳಿಸಿತು. “ನಮ್ಮ ಹುಡುಗ್ರು ಬಂಡೆ ಮ್ಯಾಲೆ ಕೂತು ಹಾಡು ಮಾಡ್ಕಂಡು ಹೇಳ್ತಿದ್ರು ಮಾವ, ತಡಸಲು ಸುರುಳಿ ಒಂದು ಎರಡು ಮೂರು ಅಂತ. ಅವ್ರ ತಪ್ಪಲ್ಲ. ಯಾರ ತಪ್ಪೂ ಅಲ್ಲ.”

“ಹಂಗಾದ್ರೆ ಯಾಕೆ ಓದಲ್ಲ?”

ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಎಲ್ಲೋ ಚೆಲ್ಲಿಹೋಗಿತ್ತು. ಜಡೆಮ್ಮ ಖಾಲಿ ಲೋಟಗಳನ್ನು ಪೇರಿಸಿಕೊಂಡು, ಎತ್ತಿಕೊಳ್ಳದೆ, ಅವಳನ್ನೇ ನೋಡುತ್ತ ಕೂತಿದ್ದಳು.

“ಗೊತ್ತಿಲ್ಲ ಮಾವ. ನೀನು ಹೇಳಾದೂ ದಿಟವೇ. ಬೇಕಾದ್ರೆ ನನ್ನ ತೆಗೆದು ಬೇರೆಯೋರ್ನ ಕಾರ್ಯದರ್ಶಿ ಮಾಡಿ. ಅವ್ರ್ನ ಪಕ್ಕಕ್ಕೆ ಕೂರಿಸ್ಕಂಡು, ಅವ್ರೇ ಹೊಸದು ಹಾಕ್ಕಳಂಗೆ ಮಾಡ್ಕೊಡ್ತೀನಿ. ಅವ್ರು ಒತ್ತೋವಾಗ ನಾನು ಮುಖ ತಿರುಗಿಸ್ಕಂಡು ನಿಂತ್ಕತೀನಿ.”

ಬೆಳ್ಳಯ್ಯ ಎದ್ದ. ಸಂಘ ಕಟ್ಟಿದಂದಿನಿಂದ ಅವನು ಸಭೆಯ ನಡುವೆ ಎದ್ದು ನಿಂತದ್ದನ್ನು ಯಾರೂ ಕಂಡಿರಲಿಲ್ಲ. “ನಾನು ಹೇಳ್ತಾ ಇಲ್ಲ. ಸಂಘ ಹೇಳ್ತಾ ಅದೆ” ಎಂದ. “ಓದು.”

ಮಹದೇವಿ ಪುಸ್ತಕ ಮುಚ್ಚಿ ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದಳು.

“ಓದಲ್ಲ” ಎಂದಳು.